ದನಿ ಜೋರಾದರೆ ಸಾಲದು

"ಮಾತು ಕೇಳಿಸುತ್ತೆ, ಏನು ಅಂದರು ಅಂತ ಗೊತ್ತಾಗಲ್ಲ." ಕಿವಿ ಮಂದವಾಗುತ್ತಿರುವ ಹಿರಿಯರು ಸಾಮಾನ್ಯವಾಗಿ ಮೊದಲು ಹೇಳುವುದು ಇದನ್ನೇ. ಮನೆಯವರಿಗೆ ಇದು ನೆಪದ ಹಾಗೆ ಕಾಣುತ್ತದೆ. ಬೇಕಾದದ್ದು ಮಾತ್ರ ಕೇಳಿಸುತ್ತೆ ಇವರಿಗೆ ಅಂತ ತಮಾಷೆ ಮಾಡುವವರೂ ಇದ್ದಾರೆ. ಆದರೆ ಆ ದೂರಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಿವಿ ಮೆಷಿನ್ ಕೆಲವರಿಗೆ ಯಾಕೆ ಒಗ್ಗುತ್ತದೆ, ಇನ್ನು ಕೆಲವರ ಮನೆಯಲ್ಲಿ ಯಾಕೆ ಬೀರು ಸೇರುತ್ತದೆ ಅನ್ನುವುದನ್ನೂ ಇಲ್ಲಿಂದಲೇ ಶುರುಮಾಡಿ ತಿಳಿಯಬೇಕು.

ಒಳಗಿವಿಯಲ್ಲಿ ಕಾಕ್ಲಿಯ ಅನ್ನುವ ಸುರುಳಿ ಸುತ್ತಿದ ಪುಟ್ಟ ಅಂಗವಿದೆ. ಅದರೊಳಗೆ ಸುಮಾರು 15,000 ಕೂದಲುಕೋಶಗಳು. ಶಬ್ದದ ಅಲೆಗೆ ಇವುಗಳ ಕೂದಲು ಬಾಗಿದಾಗ ನರದ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. ಹಾರ್ಮೋನಿಯಂನ ಮನೆಗಳ ಹಾಗೆ ಇಲ್ಲೂ ಒಂದೊಂದು ಜಾಗಕ್ಕೆ ಒಂದೊಂದು ಸ್ವರ. ಸುರುಳಿಯ ಬಾಯಿಯ ಹತ್ತಿರ ಇರುವವು ತೀರಾ ಎತ್ತರದ ಸ್ವರಗಳಿಗೆ, ಒಳತುದಿಯಲ್ಲಿರುವವು ತಗ್ಗಿನ ಸ್ವರಗಳಿಗೆ. ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಸೋಲುವುದು ಬಾಯಿಯ ಹತ್ತಿರದವು. ಹಾಳಾದ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿಯಲ್ಲಿ ಹುಟ್ಟುತ್ತದೆ! ಅದೊಂದು ವಿಷಯದಲ್ಲಿ ಕೋಳಿ ನಮಗಿಂತ ಪುಣ್ಯವಂತ ಪ್ರಾಣಿ.

ಈಗ ಮಾತಿನ ಕಡೆ ನೋಡಿ. ಅ, ಆ, ಓ ಇಂಥ ಸ್ವರಾಕ್ಷರಗಳಲ್ಲಿ ಶಕ್ತಿ ಜಾಸ್ತಿ, ಅದೂ ತಗ್ಗಿನ ಕಡೆಗೆ. ಸ, ಶ, ತ, ಕ, ಪ ಇವೆಲ್ಲ ಮೆಲ್ಲಗಿನ ಶಬ್ದಗಳು. ಅವನ್ನು ಒಂದರಿಂದ ಇನ್ನೊಂದು ಬೇರೆ ಅಂತ ತೋರಿಸುವ ಗುರುತು ಹೆಚ್ಚಾಗಿ ಎತ್ತರದ ಕಡೆ ಇರುತ್ತದೆ. 'ಸ'ದ ಶಕ್ತಿ ಬಹುಪಾಲು ಸೆಕೆಂಡಿಗೆ 4,000 ಕಂಪನ, ಅಂದರೆ 4,000 ಹರ್ಟ್ಜ್‌ಗಿಂತ ಮೇಲೆ. ಹಾಲು, ಕಾಲು, ಪಾಲು, ಸಾಲು ಹೇಳಿ ನೋಡಿ. ಎತ್ತರದ ಕಡೆ ಕೇಳಿಸದವರಿಗೆ ನಾಲ್ಕರಲ್ಲೂ '-ಆಲು' ಅನ್ನುವ ಭಾಗ ಚೆನ್ನಾಗಿಯೇ ಸಿಗುತ್ತದೆ. ಯಾವ '-ಆಲು' ಅಂತ ಊಹಿಸಬೇಕು. ಇಡೀ ದಿನ ಹೀಗೆ ಊಹಿಸುತ್ತಾ ಕೂರುವುದು ಸುಸ್ತಿನ ಕೆಲಸ, ಅಲ್ವಾ? ಸಂಜೆ ಹೊತ್ತಿಗೆ ಅಜ್ಜ ಮಾತು ಬಿಟ್ಟು ಸುಮ್ಮನೆ ಕೂತುಬಿಡುವುದಕ್ಕೆ ಇದೂ ಒಂದು ಕಾರಣ. ಮಕ್ಕಳ ದನಿ ಇನ್ನೂ ಎತ್ತರದ್ದು. ಅದಕ್ಕೇ ಮಗನ ಮಾತು ಅರ್ಥವಾದರೂ ಮೊಮ್ಮಗಳ ಮಾತು ಜಾರಿಹೋಗುತ್ತದೆ.

ಹಾಗಾದರೆ ದನಿ ಜೋರು ಮಾಡಿದರೆ ಮುಗೀತಲ್ಲ? ಇಲ್ಲ. ಕೂದಲುಕೋಶಗಳಲ್ಲಿ ಎರಡು ಬಗೆ. ಹೊರಸಾಲಿನವು ಮೆಲ್ಲಗಿನ ಶಬ್ದವನ್ನು ಹಿಗ್ಗಿಸಿ ಕೊಡುತ್ತವೆ, ಜೋರು ಶಬ್ದಕ್ಕೆ ಅವುಗಳ ನೆರವು ಹೆಚ್ಚು ಬೇಕಿಲ್ಲ. ಇವು ಸೋತಾಗ ಮೆಲ್ಲಗಿನದು ಕೇಳಿಸುವುದೇ ಇಲ್ಲ, ಆದರೆ ಜೋರಿನದು ಮೊದಲಿನಷ್ಟೇ ಜೋರಾಗಿ ಕೇಳಿಸುತ್ತದೆ. ನಡುವಿನ ಜಾಗ ಕಿರಿದಾಗುತ್ತದೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಇದು ದಿನದ ಜಗಳ. "ಏನಂದೆ? ಸ್ವಲ್ಪ ಗಟ್ಟಿಯಾಗಿ ಹೇಳು" ಅನ್ನುತ್ತಾರೆ. ದೊಡ್ಡಮ್ಮ ಗಟ್ಟಿಯಾಗಿ ಹೇಳಿದರೆ, "ಯಾಕೆ ಹಾಗೆ ಕಿರುಚ್ತೀಯ? ನಾನೇನು ಕಿವುಡನಾ?" ಇಬ್ಬರದೂ ತಪ್ಪಿಲ್ಲ.

ಒಳ್ಳೆಯ ಯಂತ್ರ ಮಾಡುವ ಮುಖ್ಯ ಕೆಲಸ ಇದೇ. ಮೆಲ್ಲಗಿನ ಶಬ್ದವನ್ನು ಜಾಸ್ತಿ ಏರಿಸುತ್ತದೆ, ನಡುಮಟ್ಟದ್ದನ್ನು ಸ್ವಲ್ಪ ಏರಿಸುತ್ತದೆ, ಜೋರಿನದನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ಅದೂ ಪ್ರತಿ ಸ್ವರಮಟ್ಟಕ್ಕೆ ಬೇರೆ ಬೇರೆ ಲೆಕ್ಕ. ಜಾಹೀರಾತು ನೋಡಿ ಸಾವಿರ ರೂಪಾಯಿಗೆ ತರಿಸುವ 'ಕಿವಿ ಯಂತ್ರ'ಗಳಲ್ಲಿ ಸಾಮಾನ್ಯವಾಗಿ ಈ ಲೆಕ್ಕ ಇರುವುದಿಲ್ಲ. ಅವು ಪಾತ್ರೆಯ ಸದ್ದನ್ನೂ ಮೊಮ್ಮಗಳ ಪಿಸುಮಾತನ್ನೂ ಒಂದೇ ಸಮ ಏರಿಸುತ್ತವೆ. ಅಂಥದ್ದನ್ನು ಹಾಕಿಕೊಂಡು ಬೇಸತ್ತವರು ಮುಂದೆ ಒಳ್ಳೆಯ ಯಂತ್ರವನ್ನೂ ನಂಬುವುದಿಲ್ಲ. ದುಡ್ಡು ಹೋಗುವುದಕ್ಕಿಂತ ಇದು ದೊಡ್ಡ ನಷ್ಟ.

ಲೆಕ್ಕ ಶುರುವಾಗುವುದು ಯಾವ ಸ್ವರ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ನಕ್ಷೆಯಾದ ಆಡಿಯೋಗ್ರಾಮ್‌ನಿಂದ. ಗೂಡಿನಂಥ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ, 250ರಿಂದ 8,000 ಹರ್ಟ್ಜ್‌ವರೆಗೆ ಒಂದೊಂದು ಸ್ವರವೂ ಎಷ್ಟು ಮೆಲ್ಲಗಾಗುವವರೆಗೆ ಕೇಳಿಸುತ್ತದೆ ಅಂತ ನೋಡುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಗೆರೆ ಕೆಳಗಿಳಿದಷ್ಟೂ ಕೇಳಿಸುವುದು ಕಡಿಮೆ. ಆದರೆ ಇದು 'ಪೀಂ' ಅನ್ನುವ ಶಬ್ದದ ಪರೀಕ್ಷೆ. ಮಾತು ಎಷ್ಟು ಅರ್ಥವಾಗುತ್ತದೆ ಅನ್ನುವುದಕ್ಕೆ ಪದಗಳನ್ನು ಹೇಳಿಸಿ ನೋಡುವ ಬೇರೆ ಪರೀಕ್ಷೆ ಇದೆ. ಅದು ಕನ್ನಡದವರಿಗೆ ಕನ್ನಡದಲ್ಲೇ ಆಗಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡದ ಪದಪಟ್ಟಿಗಳು ತಯಾರಾಗಿವೆ. ಕಿವಿ ತೋರಿಸಲು ಹೋದಾಗ ಈ ಪರೀಕ್ಷೆ ಮಾಡಿದರಾ ಅಂತ ಕೇಳಿ. ಇನ್ನೊಂದು ಮಾತು: ಯಂತ್ರದ ಅಂಗಡಿಗೆ ಹೋಗುವ ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಗುಗ್ಗೆ ಕಟ್ಟಿಕೊಂಡಿದ್ದರೆ, ಕಿವಿತಮಟೆ ತೂತಾಗಿದ್ದರೆ ಅದಕ್ಕೆ ಬೇರೆ ಮದ್ದಿದೆ. ಒಂದೇ ಕಿವಿ ದಿಢೀರನೆ ಕೇಳಿಸದೆ ಹೋದರಂತೂ ಅದೇ ದಿನ ಓಡಬೇಕು.

ಆಮೇಲೆ ಬರುವುದು ಎಲ್ಲರಿಗೂ ಇಷ್ಟದ ಪ್ರಶ್ನೆ: "ಕಾಣದ ಹಾಗೆ ಇರುವುದು ಯಾವುದು?" ಕಿವಿಯ ಕೊಳವೆಯೊಳಗೇ ಕೂರುವ ಪುಟ್ಟ ಯಂತ್ರಗಳಿವೆ, ಚೆಂದವಾಗಿಯೂ ಇವೆ. ಆದರೆ ಕಿವಿ ತುಂಬಾ ಮಂದವಾಗಿದ್ದರೆ ಅವುಗಳ ಶಕ್ತಿ ಸಾಲದು. ಸೆಲ್ ಬೇಗ ಮುಗಿಯುತ್ತದೆ, ನಡುಗುವ ಬೆರಳಿಗೆ ಅದನ್ನು ಬದಲಿಸುವುದು ಕಷ್ಟ. ಗುಗ್ಗೆ, ಬೆವರು ನೇರ ಒಳಗೇ ಸೇರುತ್ತದೆ. ಕಿವಿಯ ಹಿಂದೆ ಕೂರುವ ಯಂತ್ರಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದರಲ್ಲಿ ಸ್ಪೀಕರ್ ಮೇಲೇ ಇದ್ದು ಕೊಳವೆಯಿಂದ ಶಬ್ದ ಬರುತ್ತದೆ. ಇನ್ನೊಂದರಲ್ಲಿ ಸಣ್ಣ ತಂತಿಯ ತುದಿಗೆ ಸ್ಪೀಕರ್ ಇದ್ದು ಅದೇ ಕಿವಿಯೊಳಗೆ ಕೂರುತ್ತದೆ. ಕಿವಿಯ ಹಿಂದಿನ ಜಾಗಕ್ಕೆ ನಮ್ಮಲ್ಲಿ ಪೈಪೋಟಿ ಜಾಸ್ತಿ ಬೇರೆ. ಕನ್ನಡಕದ ಕಡ್ಡಿ, ಓಲೆಯ ಸರಪಳಿ, ಹೆಲ್ಮೆಟ್ಟು, ಮಾಸ್ಕಿನ ದಾರ. ಮಾಸ್ಕ್ ಎಳೆದಾಗ ಮೆಷಿನ್ನೂ ಹಾರಿಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಾಡಿದವರು ಕೊರೋನಾ ಕಾಲದಲ್ಲಿ ಎಷ್ಟೋ ಜನ.

ಹಾಕಿದ ಮೊದಲ ನಿಮಿಷದ ದೂರು ಒಂದಿದೆ. "ನನ್ನ ದನಿ ನನಗೇ ಬಾವಿಯೊಳಗಿಂದ ಬಂದ ಹಾಗಿದೆ." ಎರಡೂ ಕಿವಿಗೆ ಬೆರಳಿಟ್ಟು 'ಈ' ಅಂತ ಅಂದು ನೋಡಿ, ನಿಮಗೂ ಹಾಗೇ ಆಗುತ್ತದೆ. ನಾವು ಮಾತಾಡುವಾಗ ನಮ್ಮ ದನಿ ಮೂಳೆಯ ಮೂಲಕವೂ ಕಿವಿಯ ಕೊಳವೆಗೆ ಬರುತ್ತದೆ. ಸಾಮಾನ್ಯವಾಗಿ ಅದು ಹೊರಗೆ ಹೋಗಿಬಿಡುತ್ತದೆ. ಕೊಳವೆಯ ಬಾಯಿ ಮುಚ್ಚಿದರೆ ಒಳಗೇ ಗುಂಯ್‌ಗುಡುತ್ತದೆ. ಅದಕ್ಕೇ ಗಾಳಿ ಆಡಲು ತೂತು ಬಿಡುತ್ತಾರೆ, ಇಲ್ಲವೇ ತೂತುಗಳಿರುವ ಮೆತ್ತನೆ ರಬ್ಬರ್ ತುದಿ ಹಾಕುತ್ತಾರೆ. ತೂತು ದೊಡ್ಡದಾದರೆ ಬೇರೆ ತೊಂದರೆ. ಹೊರಗೆ ಸೋರಿದ ಶಬ್ದವನ್ನು ಮೈಕು ಮತ್ತೆ ಹಿಡಿದು ಇನ್ನೂ ಏರಿಸುತ್ತದೆ, 'ಕುಂಯ್' ಅಂತ ಸಿಳ್ಳೆ ಶುರುವಾಗುತ್ತದೆ. ಸಭೆಯ ಮೈಕ್ ಕೂಗುವುದೂ ಇದೇ ಕಾರಣಕ್ಕೆ. ಮುಂಚೆ ಕೂಗದಿದ್ದ ಯಂತ್ರ ಇದ್ದಕ್ಕಿದ್ದಂತೆ ಕೂಗಲು ಶುರುಮಾಡಿದರೆ ಮೊದಲು ಗುಗ್ಗೆ ಇದೆಯಾ ಅಂತ ನೋಡಿಸಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಕಿವಿಯ ಕೊಳವೆ ತಾನೇ ಒಂದು ಸಣ್ಣ ವರ್ಧಕ. ಸುಮಾರು 2,700 ಹರ್ಟ್ಜ್ ಆಸುಪಾಸಿನ ಶಬ್ದವನ್ನು ಅದು ಯಾವ ಯಂತ್ರವೂ ಇಲ್ಲದೆ ಏರಿಸುತ್ತದೆ. ಕೊಳವೆಯ ಉದ್ದ, ಅಗಲ, ತಿರುವು ಒಬ್ಬೊಬ್ಬರಿಗೆ ಒಂದೊಂದು ತರಹ. ಹಾಗಾಗಿ ಒಂದೇ ಯಂತ್ರ, ಒಂದೇ ಸೆಟ್ಟಿಂಗ್ ಇದ್ದರೂ ಕಿವಿತಮಟೆಯ ಹತ್ತಿರ ತಲುಪುವ ಶಬ್ದ ಬೇರೆ ಬೇರೆ. ಯಾವ ಆಡಿಯೋಗ್ರಾಮ್‌ಗೆ ಎಷ್ಟು ಏರಿಸಬೇಕು ಅನ್ನುವುದಕ್ಕೆ ಸೂತ್ರಗಳಿವೆ. ಆಸ್ಟ್ರೇಲಿಯಾದ ಎನ್‌ಎಎಲ್, ಕೆನಡಾದ ಡಿಎಸ್‌ಎಲ್ ಹೆಸರುವಾಸಿ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಯಂತ್ರ ಹತ್ತಿರ ಹತ್ತಿರ ಹೊಂದುತ್ತದೆ, ಎಷ್ಟೋ ಕಡೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸರಿಯಾದ ಕ್ರಮ ಬೇರೆ. ಕೂದಲೆಳೆಗಿಂತ ತುಸು ದಪ್ಪದ ಮೆತ್ತನೆ ನಳಿಕೆಯನ್ನು ತಮಟೆಯ ಹತ್ತಿರದವರೆಗೆ ಇಳಿಸಿ, ಯಂತ್ರ ಹಾಕಿಸಿ, ಎದುರಿನ ಸ್ಪೀಕರಿನಲ್ಲಿ ಮಾತು ಕೇಳಿಸುತ್ತಾರೆ. ಒಳಗೆ ನಿಜಕ್ಕೂ ಎಷ್ಟು ಶಬ್ದ ತಲುಪಿತು ಅಂತ ಪರದೆಯ ಮೇಲೆ ಕಾಣುತ್ತದೆ. ಇದಕ್ಕೆ ರಿಯಲ್ ಇಯರ್ ಮೆಷರ್‌ಮೆಂಟ್ ಅನ್ನುತ್ತಾರೆ. ನನ್ನ ಕೇಳಿದರೆ, ಸರಿಯಾಗಿ ಅಳೆದು ಕೂರಿಸಿದ ಸಾಧಾರಣ ಬೆಲೆಯ ಯಂತ್ರ, ಅಳೆಯದೆ ಕೂರಿಸಿದ ಲಕ್ಷದ ಯಂತ್ರಕ್ಕಿಂತ ಮೇಲು. ಬ್ಲೂಟೂತ್, ಆ್ಯಪ್, ಚಾನೆಲ್‌ಗಳ ಸಂಖ್ಯೆ ಎಲ್ಲ ಆಮೇಲೆ.

ಎರಡೂ ಕಿವಿ ಮಂದವಿದ್ದರೆ ಎರಡಕ್ಕೂ ಹಾಕಿಸಬೇಕಾ? ಆಗುವುದಾದರೆ ಹೌದು. ಶಬ್ದ ಒಂದು ಕಿವಿಗೆ ತಲುಪಿ ಇನ್ನೊಂದಕ್ಕೆ ತಲುಪುವ ನಡುವೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರ. ಆ ಅಂತರದಿಂದಲೇ ಹಿಂದಿನಿಂದ ಬರುವ ಆಟೋ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಮಿದುಳು ಲೆಕ್ಕ ಹಾಕುವುದು. ಗದ್ದಲದ ನಡುವೆ ಒಬ್ಬರ ಮಾತನ್ನು ಆರಿಸಿಕೊಳ್ಳಲೂ ಎರಡು ಕಿವಿ ಬೇಕು.

ಗದ್ದಲ ಅಂದೆನಲ್ಲ, ಯಂತ್ರ ನಿಜಕ್ಕೂ ಸೋಲುವುದು ಅಲ್ಲೇ. ಕಲ್ಯಾಣ ಮಂಟಪದ ಊಟದ ಹಾಲ್ ನೆನಪಿಸಿಕೊಳ್ಳಿ. ನಯವಾದ ಗ್ರಾನೈಟ್ ನೆಲ, ಬರಿ ಗೋಡೆ, ಓಲಗ, ನೂರು ಜನರ ಮಾತು. ಯಂತ್ರ ಶಬ್ದದ ಏರಿಳಿತ ನೋಡಿ ಮಾತು ಯಾವುದು, ಗದ್ದಲ ಯಾವುದು ಅಂತ ತೀರ್ಮಾನಿಸುತ್ತದೆ. ಮಾತು ಸೆಕೆಂಡಿಗೆ ಕೆಲವು ಸಲ ಏರಿಳಿಯುತ್ತದೆ, ಫ್ಯಾನು ಒಂದೇ ಸಮ ಇರುತ್ತದೆ. ಹಾಗಾಗಿ ಫ್ಯಾನನ್ನು ತಗ್ಗಿಸುವುದು ಸುಲಭ. ಆದರೆ ಸುತ್ತಲ ಗದ್ದಲವೇ ಬೇರೆಯವರ ಮಾತಾದರೆ? ಎದುರಿನ ಕಡೆಗೆ ಮುಖಮಾಡಿದ ಮೈಕು ಸ್ವಲ್ಪ ನೆರವಾಗುತ್ತದೆ, ಅಷ್ಟೇ. ಅದಕ್ಕಿಂತ ಹತ್ತಿರ ಹೋಗಿ ಕೂರುವುದು ವಾಸಿ. ಬಯಲಿನಲ್ಲಿ ದೂರ ಅರ್ಧವಾದರೆ ದನಿ 6 ಡೆಸಿಬೆಲ್ (ಶಬ್ದ ಎಷ್ಟು ಜೋರು ಅನ್ನುವ ಅಳತೆ) ಏರುತ್ತದೆ, ಬಿಟ್ಟಿಯಾಗಿ.

ಇದೇ ಲೆಕ್ಕಾಚಾರ ಸಂಗೀತದಲ್ಲಿ ಎಡವುತ್ತದೆ. ತಂಬೂರಿಯ ಶ್ರುತಿ ಒಂದೇ ಸಮ ಮೊಳಗುತ್ತದೆ, ಯಂತ್ರ ಅದನ್ನು ಫ್ಯಾನಿನ ಗುಂಪಿಗೆ ಸೇರಿಸಿ ತಗ್ಗಿಸಬಹುದು. ಕೊಳಲಿನ ಉದ್ದನೆಯ ಸ್ವರವನ್ನು ತನ್ನದೇ ಸಿಳ್ಳೆ ಅಂದುಕೊಂಡು ಅಳಿಸಲು ಹೋಗುತ್ತದೆ, ಸ್ವರ ನಡುಗಿದ ಹಾಗೆ ಕೇಳಿಸುತ್ತದೆ. ಕಛೇರಿಗೆ ಹೋಗುವ ಅಭ್ಯಾಸವಿದ್ದರೆ ಗದ್ದಲ ತಗ್ಗಿಸುವ, ಸಿಳ್ಳೆ ತಡೆಯುವ ಕೆಲಸಗಳನ್ನು ಕಡಿಮೆ ಮಾಡಿದ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಿ. ಕೇಳಿದರೆ ಮಾಡಿಕೊಡುತ್ತಾರೆ, ಕೇಳದಿದ್ದರೆ ಮಾತಿನ ಪ್ರೋಗ್ರಾಂ ಒಂದೇ ಗತಿ.

ದಿನದ ಜಂಜಾಟದ ವಿಷಯಕ್ಕೆ ಬಂದರೆ ಮೊದಲ ಶತ್ರು ತೇವ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಲೇಬೇಕು. ತಲೆಗೆ ಎಣ್ಣೆ ಹಚ್ಚಿದ ಕೈ ಒರೆಸಿಕೊಂಡು ಮುಟ್ಟಿ, ಮೈಕಿನ ತೂತು ಬಹಳ ಸಣ್ಣದು. ಕಿವಿಗೆ ಎಣ್ಣೆ ಬಿಡುವ ಅಭ್ಯಾಸಕ್ಕಂತೂ ಕೈಮುಗಿಯಿರಿ. ಸೆಲ್ಲುಗಳ ಸ್ಟಿಕ್ಕರಿನ ಬಣ್ಣದಲ್ಲೇ ಅಳತೆ ಗೊತ್ತಾಗುತ್ತದೆ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಇವು ಜಿಂಕ್-ಏರ್ ಸೆಲ್ಲುಗಳು, ಗಾಳಿಯ ಆಮ್ಲಜನಕ ಒಳಗೆ ಹೋದರೇ ಕೆಲಸ ಮಾಡುವುದು. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ಒಮ್ಮೆ ಕಿತ್ತ ಮೇಲೆ ಮತ್ತೆ ಅಂಟಿಸಿದರೂ ಉಪಯೋಗವಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ.

ದುಡ್ಡಿನ ವಿಷಯ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಕಡಿಮೆ ಆದಾಯದವರಿಗೆ ಯಂತ್ರ ಸಿಗುತ್ತದೆ, ಅದಕ್ಕೆ 40% ವೈಕಲ್ಯದ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ ಮಾತಿನ ಸ್ವರಮಟ್ಟಗಳಲ್ಲಿ 60 ಡೆಸಿಬೆಲ್ ನಷ್ಟದಿಂದ ಲೆಕ್ಕ ಶುರುಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಳ್ಳೆಯ ಕಿವಿಯಲ್ಲಿ 35 ಡೆಸಿಬೆಲ್ ದಾಟಿದರೇ ತೊಡಕು ಅನ್ನುತ್ತದೆ, ಅಂಥವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಎಂದು 2021ರಲ್ಲಿ ಹೇಳಿತು. ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡವರಿಗೆ ಮಾತು ಸರಿಯಾಗಿ ಕೇಳಿಸುವುದಿಲ್ಲ, ಆದರೆ ಕಾಗದದ ಲೆಕ್ಕದಲ್ಲಿ ಅವರು ಕಿವುಡರಲ್ಲ. ಅವರು ತಡಮಾಡುವುದೂ ಒಳ್ಳೆಯದಲ್ಲ. 2023ರಲ್ಲಿ ಪ್ರಕಟವಾದ ಅಮೆರಿಕದ ಅಚೀವ್ ಅಧ್ಯಯನದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿದರು. ಒಟ್ಟಾರೆ ಗುಂಪಿನಲ್ಲಿ ಶ್ರವಣ ಚಿಕಿತ್ಸೆಯಿಂದ ನೆನಪು, ಯೋಚನೆಗಳ ಕುಸಿತ ಕಡಿಮೆಯಾಗಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಕುಸಿತ 48% ನಿಧಾನವಾಯಿತು. ಮೆಷಿನ್ ಹಾಕಿದರೆ ಮರೆವು ಬರಲ್ಲ ಅಂತ ಮಾರುವವರು ಈ ಮೊದಲ ಅರ್ಧವನ್ನು ಹೇಳುವುದಿಲ್ಲ.

ಹೊಸದರಲ್ಲಿ ಪೇಪರ್ ಮಡಿಸುವ ಸದ್ದು, ನಲ್ಲಿ ನೀರು, ಸ್ವಂತ ಚಪ್ಪಲಿ ಎಲ್ಲವೂ ಕಿರಿಕಿರಿ. ವರ್ಷಗಟ್ಟಲೆ ಸಿಗದಿದ್ದ ಸುದ್ದಿ ಒಟ್ಟಿಗೆ ಬಂದಾಗ ಯಾವುದನ್ನು ಬಿಡಬೇಕು ಅಂತ ಮಿದುಳು ಕಲಿಯಲು ಕೆಲವು ವಾರ ಬೇಕು. ದಿನಕ್ಕೆ ಕೆಲವು ಗಂಟೆ ಮನೆಯೊಳಗೆ ಹಾಕಿ, ನಿಧಾನವಾಗಿ ಹೆಚ್ಚಿಸಿ. ಮತ್ತೆ ಕಿವಿ ಪರೀಕ್ಷಿಸಿ ಯಂತ್ರ ಹೊಂದಿಸುವ ಆಡಿಯಾಲಜಿಸ್ಟ್ ಹತ್ತಿರ ಹೋದಾಗ "ಸರಿಯಿಲ್ಲ" ಅಂತ ಸುಮ್ನೆ ಹೇಳಿದರೆ ಅವರಿಗೂ ದಾರಿ ಕಾಣುವುದಿಲ್ಲ. "ಸ್ಟೀಲ್ ತಟ್ಟೆ ಸದ್ದು ಚುಚ್ಚುತ್ತೆ", "ಟಿವಿ ಸರಿ, ಸೊಸೆಯ ಮಾತು ಸಿಗಲ್ಲ", "ಎಡಗಡೆ ಮಾತ್ರ ಗುಂಯ್ ಅನ್ನುತ್ತೆ" ಹೀಗೆ ಬರೆದುಕೊಂಡು ಹೋಗಿ. ಒಂದೊಂದು ದೂರಿಗೂ ಯಂತ್ರದಲ್ಲಿ ತಿರುಗಿಸಲು ಬೇರೆ ಬೇರೆ ಜಾಗವಿದೆ. ಇನ್ನು ಫೋನ್ ಬಂದರೆ ಅದನ್ನು ಕಿವಿಯ ತೂತಿಗೆ ಒತ್ತಬೇಡಿ. ಹಿಂದೆ ಕೂರುವ ಯಂತ್ರದ ಮೈಕು ಕಿವಿಯ ಮೇಲ್ಗಡೆ ಇದೆ, ಫೋನನ್ನೂ ಅಲ್ಲೇ ಹಿಡಿಯಬೇಕು.