ಹರಟೆಗೆ ಬೇಕು ಒಂದೂವರೆ ಅಡಿ ಎತ್ತರ

ಹಳೆ ಬಾಗಲಕೋಟೆಯ ಓಣಿ ಬಿಟ್ಟು ನವನಗರಕ್ಕೆ ಬಂದ ಹಿರಿಯರನ್ನು ಕೇಳಿ ನೋಡಿ. ‘ಇಲ್ಲಿ ಮಂದಿ ಮಾತಾಡ್ಸೋದಿಲ್ರೀ’ ಅನ್ನುತ್ತಾರೆ. ಯಾಕೆ ಅಂದರೆ ಮೊಬೈಲು, ಟಿವಿ, ಕಾಲ ಕೆಟ್ಟಿದೆ! ಕೆಲವರಂತೂ ವಾಸ್ತು ಕೇಳಿ ಬಾಗಿಲನ್ನೇ ಕಿತ್ತು ಬೇರೆ ಕಡೆ ಇಡಿಸುತ್ತಾರೆ. ಬಾಗಿಲು ಯಾವ ಕಡೆಗಾದರೂ ಇರಲಿ, ಅದರ ಹೊರಗೆ ಕಟ್ಟೆ ಇದೆಯಾ?

ನಗರದ ಬದುಕನ್ನು ಅಧ್ಯಯನ ಮಾಡಿದ ಅಮೆರಿಕದ ವಿಲಿಯಂ ವೈಟ್ ಅನ್ನುವವರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳತ್ತ ಕ್ಯಾಮೆರಾ ಇಟ್ಟು, ಜನ ಎಲ್ಲಿ ಸೇರುತ್ತಾರೆ ಅಂತ ನೋಡಿದರು. ಉತ್ತರ ಕೇಳಿದರೆ ನಗು ಬರುತ್ತದೆ: ಕೂರಲು ಜಾಗ ಇದ್ದಲ್ಲಿ! ಒಂದರಿಂದ ಮೂರು ಅಡಿ ಎತ್ತರದ ಯಾವ ಅಂಚಾದರೂ ನಡೆಯುತ್ತದೆ.

ನಮ್ಮ ಓಣಿಯ ಒಂದೂವರೆ ಅಡಿಯ ಕಟ್ಟೆಯೂ ಇದೇ ಅಳತೆಯೊಳಗೆ ಬರುತ್ತದೆ. ಕೂತವರ ಬೆನ್ನು ಮನೆ ಗೋಡೆಗೆ, ಕಾಲು ಓಣಿಗೆ. ಹೋಗಿ ಬರುವವರ ಮುಖ ಕಾಣುತ್ತದೆ. ಮಾತಾಡಲು ಯಾರೂ ಯಾರ ಮನೆಗೂ ಹೋಗಬೇಕಿಲ್ಲ, ಚಹಾಕ್ಕೆ ಇಡಬೇಕಿಲ್ಲ. ಬೇಜಾರಾದರೆ ಎದ್ದು ಒಳಗೆ ಹೋದರಾಯಿತು. ಶೇಂಗಾ ಸುಲಿಯುವುದೋ ಜೋಳ ಹಸನು ಮಾಡುವುದೋ ನೆಪಕ್ಕೆ ಇದ್ದರೆ ಇನ್ನೂ ಚೆನ್ನ, ಸುಮ್ನೆ ಕೂತಿದ್ದೀರಿ ಅಂತ ಯಾರೂ ಅನ್ನುವುದಿಲ್ಲ. ಹಾಲಿಗೆ ಹೆಪ್ಪು ಹೇಗೋ ಮಾತಿಗೆ ಕಟ್ಟೆ ಹಾಗೆ. ಸ್ವರ್ಗವೇನಲ್ಲ ಬಿಡಿ. ಚಾಡಿ ಹುಟ್ಟುತ್ತಿದ್ದದ್ದೂ ಅಲ್ಲೇ, ಯಾರನ್ನು ಕೂರಿಸಬಾರದು ಅನ್ನುವ ಜಾತಿ ಲೆಕ್ಕ ನಡೆಯುತ್ತಿದ್ದದ್ದೂ ಅಲ್ಲೇ.

ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗುತ್ತದೆ ಅಂತ ನವನಗರ ಎದ್ದಿತು. ಅದರ ಯೋಜನೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ನವಿ ಮುಂಬೈನ ಬೇಲಾಪುರದಲ್ಲಿ ಏಳೇಳು ಮನೆಗಳಿಗೆ ಒಂದೊಂದು ಅಂಗಳ ಕೊಟ್ಟವರು ಅವರು. ಆದರೆ ಸೈಟು ಸಿಕ್ಕ ಮೇಲೆ ನಾವು ಮಾಡಿದ್ದೇನು? ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು. ಈಗ ಮಾತಾಡಿಸಬೇಕು ಅಂದರೆ ಬೆಲ್ ಒತ್ತಬೇಕು, ಒತ್ತಲು ಕಾರಣ ಬೇಕು.

ವಾಹನಗಳ ಪಾಲೂ ಇದೆ. ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸ ತಜ್ಞರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲೆಕ್ಕ ಹಾಕಿದ್ದರು. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯ ಗೆಳೆಯರು ಸರಾಸರಿ 3. ಸುಮಾರು 16,000 ಓಡುವಲ್ಲಿ 0.9.

ವಾಹನ ತಡೆಯುವುದು ನಮ್ಮ ಕೈಲಿಲ್ಲ. ಕಾಂಪೌಂಡನ್ನು ಒಂದೂವರೆ ಅಡಿ ಹಿಂದೆ ಸರಿಸಿ, ಆ ಜಾಗದಲ್ಲಿ ಫರ್ಸಿ ಹಾಸಿದ ಕಟ್ಟೆ ಕಟ್ಟುವುದು ಕೈಲಿದೆ. ಜೊತೆಗೊಂದು ಬೇವಿನ ಸಸಿಯನ್ನೂ ಹಚ್ಚಿ. ನೆರಳಿಲ್ಲದಿದ್ದರೆ ನಮ್ಮ ಏಪ್ರಿಲ್‌ನಲ್ಲಿ ಸಂಜೆಯಾದರೂ ಕಲ್ಲು ಚುರ್ ಅನ್ನುತ್ತದೆ, ಕೂರೋರು ಯಾರು?