ಪಕ್ಕದ ಮನೆಯ ನಾಯಿ: ಯಾರದ್ದೆಂದು ಮೊದಲು ದಾಖಲಾಗಲಿ

"ನಾಯಿ ನಮ್ಮದಲ್ಲ ಡಾಕ್ಟರೇ, ಇಲ್ಲೇ ಬಿದ್ದಿರುತ್ತದೆ, ಉಳಿದ ಅನ್ನ ಹಾಕುತ್ತೇವೆ ಅಷ್ಟೆ." ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಸುತ್ತಿನ ಹಳ್ಳಿಗಳಲ್ಲಿ ಪಶುವೈದ್ಯನಾಗಿ ಓಡಾಡುವ ನನ್ನ ಕಿವಿಗೆ ಈ ಮಾತು ಬೀಳದ ತಿಂಗಳಿಲ್ಲ. ರಾತ್ರಿ ತೋಟಕ್ಕೆ ನುಗ್ಗಿದ ಹಂದಿಯನ್ನು ಬೊಗಳಿ ಓಡಿಸಿದಾಗ ಅದಕ್ಕೆ ಹೆಸರಿರುತ್ತದೆ, ಯಜಮಾನನೂ ಇರುತ್ತಾನೆ. ಡೈರಿಗೆ ಹಾಲು ಹಾಕಲು ಹೊರಟ ಹುಡುಗನ ಮೀನಖಂಡಕ್ಕೆ ಅದೇ ನಾಯಿ ಬಾಯಿ ಹಾಕಿದ ದಿನ ಎರಡೂ ಇರುವುದಿಲ್ಲ.

ನೆರೆಮನೆಯ ನಾಯಿಯ ಕಾಟಕ್ಕೆ ಏನು ಮಾಡುವುದೆಂದು ಕೇಳಿಕೊಂಡು ಬರುವವರು ಸಾಮಾನ್ಯವಾಗಿ ನಾಯಿಯ ಬುದ್ಧಿಯ ಬಗ್ಗೆಯೇ ಮಾತನಾಡುತ್ತಾರೆ. ಬೈಕಿನ ಹಿಂದೆ ಓಡುತ್ತದೆ, ಕೋಳಿ ಹಿಡಿಯುತ್ತದೆ, ಕಣದಲ್ಲಿ ಹರವಿದ ಕಾಫಿಯ ಮೇಲೆ ಹೊರಳಾಡುತ್ತದೆ, ಮಕ್ಕಳು ಶಾಲೆಯ ಬಸ್ ಹಿಡಿಯಲು ಹೆದರುತ್ತಾರೆ. ಎಲ್ಲವೂ ನಿಜವಾದ ತೊಂದರೆಗಳೇ. ಆದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಆ ನಾಯಿ ಇಂಥವರದ್ದು ಎಂದು ತೋರಿಸಲು ನಿಮ್ಮ ಬಳಿ ಏನಿದೆ? ಕಚ್ಚುವ ಮೊದಲೇ ಇದು ಇತ್ಯರ್ಥವಾಗಬೇಕು. ಕಚ್ಚಿದ ಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಇದು ಜಗಳದಲ್ಲಿ ಗೆಲ್ಲುವ ಉಪಾಯವೆಂದು ತಿಳಿಯಬೇಡಿ. ಪ್ರಾಣದ ಪ್ರಶ್ನೆ ಇದರಲ್ಲಿದೆ. ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ತಗುಲಿದ ನಾಯಿಯ ಜೊಲ್ಲಿನಲ್ಲಿ ವೈರಸ್ ಕಾಣಿಸಿಕೊಳ್ಳುವುದು ರೋಗದ ಲಕ್ಷಣಗಳು ಹೊರಬೀಳುವ ಕೆಲವೇ ದಿನಗಳ ಮುಂಚೆ. ಲಕ್ಷಣ ಕಂಡ ಮೇಲೆ ನಾಯಿ ಹೆಚ್ಚು ದಿನ ಬದುಕುವುದಿಲ್ಲ. ಆದ್ದರಿಂದಲೇ ಕಚ್ಚಿದ ನಾಯಿಯನ್ನು 10 ದಿನ ಕಣ್ಣಳತೆಯಲ್ಲಿಟ್ಟು ನೋಡಿ ಎನ್ನುತ್ತೇವೆ. ಹತ್ತು ದಿನ ಕಳೆದೂ ನಾಯಿ ಉಂಡುಕೊಂಡು ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ನೋಡಿಕೊಳ್ಳಲು ಮನೆಯೊಂದಿದ್ದರೆ ಮಾತ್ರ ಇದು ಸಾಧ್ಯ. ಯಜಮಾನ ಕೈಕೊಡವಿಕೊಂಡರೆ, ಇಲ್ಲವೇ ಸಿಟ್ಟಿನಲ್ಲಿ ಊರವರು ನಾಯಿಯನ್ನು ಹೊಡೆದು ಹಾಕಿದರೆ, ಕಚ್ಚಿಸಿಕೊಂಡವನ ಮನೆಯವರಿಗೆ ಆ ಸಮಾಧಾನ ಸಿಗುವ ದಾರಿ ಮುಚ್ಚಿಹೋಗುತ್ತದೆ.

ಹಾಗೆಂದು ಹತ್ತು ದಿನ ಕಾದು ಆಮೇಲೆ ಆಸ್ಪತ್ರೆಗೆ ಹೋಗುವುದಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಮೊದಲ ಲಸಿಕೆ ಹಾಕಿಸಿಕೊಳ್ಳಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮುಂದಿನವು 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಒಂದಿದೆ. ಹಲ್ಲು ನಾಟಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ರೋಗನಿರೋಧಕದ ಚುಚ್ಚುಮದ್ದು) ಬೇಕು, ಅದನ್ನು ಕೇಳಿ ಪಡೆಯಿರಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ದನಕರುಗಳ ವಿಷಯದಲ್ಲಿ ಜನ ಇನ್ನೂ ಅಜಾಗರೂಕರು. ಕಾಫಿ ತೋಟದ ಅಂಚಿನ ಒಂದು ಮನೆಯಿಂದ ಹಲಸಿನ ಕಾಲದಲ್ಲಿ ಕರೆ ಬಂತು. ಹಸು ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ಗಂಟಲಿಗೆ ಹಲಸಿನ ಹಣ್ಣು ಸಿಕ್ಕಿಕೊಂಡಿರಬೇಕು ಎಂದರು. ನಾನು ತಲುಪುವಷ್ಟರಲ್ಲಿ ಮನೆಯ ಹಿರಿಯರು ಬರಿಗೈಯನ್ನು ಹಸುವಿನ ಬಾಯೊಳಗೆ ಮೊಣಕೈವರೆಗೂ ಹಾಕಿ ತಡಕಾಡಿದ್ದರು. ಹಸುವಿನ ಕೂಗು ಒಡೆದು ಗೊಗ್ಗರಾಗಿತ್ತು, ಹಿಂಗಾಲು ತೂರಾಡುತ್ತಿತ್ತು, ನೀರಿನ ಬಾನಿಯ ಮುಂದೆ ನಿಂತರೂ ನುಂಗಲಾಗುತ್ತಿರಲಿಲ್ಲ. ನಾಯಿ ಕಚ್ಚಿತ್ತೇ ಎಂದು ಕೇಳಿದೆ. ಸೊಸೆ ನೆನಪಿಸಿಕೊಂಡು, "ಒಂದು ತಿಂಗಳ ಕೆಳಗೆ ಮೇಲಿನ ಮನೆಯವರ ನಾಯಿ ಮೂತಿಗೆ ಬಾಯಿ ಹಾಕಿತ್ತು. ಗಾಯ ಸಣ್ಣದೆಂದು ಬಿಟ್ಟುಬಿಟ್ಟೆವು" ಎಂದರು. ಹಸು ಉಳಿಯಲಿಲ್ಲ. ಮೇಲಿನ ಮನೆಯವರನ್ನು ಕೇಳಿದರೆ, ಆ ನಾಯಿ ತಮ್ಮದಲ್ಲ, ಎಲ್ಲಿಗೆ ಹೋಯಿತೋ ಗೊತ್ತಿಲ್ಲ ಎಂಬ ಉತ್ತರ ಬಂತು. ಜೊಲ್ಲು ಮುಟ್ಟಿದವರೆಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕಾಯಿತು.

ಆ ದಿನವೇ ಗಾಯ ತೊಳೆದು ಫೋನ್ ಮಾಡಿದ್ದರೆ ಹಸುವಿಗೂ ಸರಣಿ ಲಸಿಕೆ ಹಾಕಬಹುದಿತ್ತು. ಕಚ್ಚಿದ ಮೇಲೆ ಹಾಕುವ ಲಸಿಕೆ ಮನುಷ್ಯರಿಗಷ್ಟೇ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಜೊಲ್ಲು ಸುರಿಸುವ ದನದ ಬಾಯಿಗೆ ಯಾವ ಕಾರಣಕ್ಕೂ ಬರಿಗೈ ಹಾಕಬೇಡಿ. ನಾಯಿ ಕಚ್ಚಿದ ಹಸುವಿನ ಹಾಲನ್ನು ಹಸಿಯಾಗಿ ಕುಡಿಯಬೇಡಿ.

ಹಾಗಾದರೆ ನಾಯಿ ಇಂಥವರದ್ದೆಂದು ದಾಖಲಾಗುವುದು ಹೇಗೆ? ಅತ್ಯಂತ ಸೌಮ್ಯವಾದ ದಾರಿಯೆಂದರೆ ಲಸಿಕೆಯ ಕಾರ್ಡು. ಅದರಲ್ಲಿ ನಾಯಿಯ ಬಣ್ಣ, ವಯಸ್ಸು, ಲಸಿಕೆಯ ದಿನಾಂಕದ ಜೊತೆಗೆ ಯಜಮಾನನ ಹೆಸರಿರುತ್ತದೆ, ನಮ್ಮ ದಾಖಲೆ ಪುಸ್ತಕದಲ್ಲೂ ಅದು ಉಳಿಯುತ್ತದೆ. ದೂರು ಹೇಳಿಕೊಂಡು ಬಂದವರಿಗೆ ನಾನು ಹೇಳಿಕೊಡುವುದು ಇಷ್ಟು: ಮೊದಲ ಮಾತನ್ನು ದೂರಿನಿಂದ ಶುರುಮಾಡಬೇಡಿ. "ಅಣ್ಣ, ನಾಳೆ ನಮ್ಮ ಕರುವನ್ನು ನೋಡಲು ಡಾಕ್ಟರು ಬರುತ್ತಾರೆ. ನಿಮ್ಮ ನಾಯಿಗೂ ಹುಚ್ಚಿನ ಲಸಿಕೆ ಹಾಕಿಸಿಬಿಡೋಣವೇ?" ಎಂದು ಕೇಳಿ. ಇದಕ್ಕೆ ಬೇಡ ಎನ್ನುವವರು ವಿರಳ. ಮರುದಿನ ನಾಯಿಯನ್ನು ಹಿಡಿದುಕೊಳ್ಳಲು ಅವರೇ ಬರಬೇಕು, ಕಾರ್ಡಿಗೆ ಹೆಸರು ಹೇಳಬೇಕು. ಒಮ್ಮೆ ಹೆಸರು ಬರೆಸಿದವರು ನಾಯಿಯ ಬಗ್ಗೆ ಮಾತನಾಡುವ ರೀತಿಯೇ ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಹಲವೆಡೆ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಇಡೀ ಬೀದಿಯ ನಾಯಿಗಳನ್ನು ಅಲ್ಲಿಗೆ ಒಟ್ಟಿಗೆ ಕರೆದೊಯ್ಯಿರಿ. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಲಸಿಕೆ, ತಿಂಗಳ ಬಳಿಕ ಇನ್ನೊಂದು, ಆಮೇಲೆ ವರ್ಷಕ್ಕೊಂದು.

ಮಾತನಾಡುವುದಕ್ಕೂ ಹೊತ್ತು ಗೊತ್ತಿದೆ. ನಾಯಿ ಅಟ್ಟಿಸಿಕೊಂಡು ಬಂದ ಬಿಸಿಯಲ್ಲಿ, ನಾಲ್ಕು ಜನರೆದುರು, ಗೇಟಿನಲ್ಲಿ ನಿಂತು ಕೂಗಿದರೆ ಎದುರಿನವರಿಗೆ ತಮ್ಮ ಮರ್ಯಾದೆ ಉಳಿಸಿಕೊಳ್ಳುವುದೇ ಮುಖ್ಯವಾಗುತ್ತದೆ. ನಮ್ಮ ಕಡೆ ನೆರೆಮನೆಯೆಂದರೆ ಒಂದೇ ದಾರಿ, ಒಂದೇ ನೀರಿನ ಕಾಲುವೆ, ಕೊಯ್ಲಿಗೆ ಅದೇ ಆಳುಗಳು. ಸಂಜೆ ಹೋಗಿ, ಕುಳಿತು, ನಿರ್ದಿಷ್ಟವಾಗಿ ಹೇಳಿ. "ನಿಮ್ಮ ನಾಯಿ ಸರಿಯಿಲ್ಲ" ಎಂದರೆ ವಾದವಾಗುತ್ತದೆ. "ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಮಕ್ಕಳು, ಹಾಲಿನವರು ಓಡಾಡುತ್ತಾರೆ, ಅಷ್ಟು ಹೊತ್ತು ಕಟ್ಟಿಹಾಕಿ" ಎಂದರೆ ಮಾಡಬಹುದಾದ ಕೆಲಸವಾಗುತ್ತದೆ.

ಯಜಮಾನರ ಮನಸ್ಸು ತಿರುಗಿಸಲು ಕಾನೂನಿನ ಹೆದರಿಕೆಗಿಂತ ಅವರ ನಾಯಿಯ ಪ್ರಾಣದ ಮಾತೇ ಹೆಚ್ಚು ಕೆಲಸ ಮಾಡುತ್ತದೆ. ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿ ರಾತ್ರಿ ಬಿಡುವುದು ಮಲೆನಾಡಿನ ರೂಢಿ. ಹಗಲು ಕಟ್ಟಿನಲ್ಲಿ ಕೆರಳಿದ ನಾಯಿ ರಾತ್ರಿ ಎಲ್ಲೆ ಮೀರಿ ತಿರುಗುತ್ತದೆ. ಬೇಲಿ ಸಂದಿಯಲ್ಲಿ ಹಂದಿಗೆಂದು ಇಟ್ಟ ತಂತಿಯ ಉರುಲಿಗೆ ಸೊಂಟ ಕೊಟ್ಟು ಬಂದ ನಾಯಿಗಳಿಗೆ ನಾನು ಹೊಲಿಗೆ ಹಾಕಿದ್ದೇನೆ. ಎಳೆದಾಡಿದಷ್ಟೂ ತಂತಿ ಮಾಂಸದೊಳಕ್ಕೆ ಇಳಿದಿರುತ್ತದೆ, ಮೇಲೆ ಕೂದಲು ಮುಚ್ಚಿಕೊಂಡು ಗಾಯ ಕಾಣುವುದೇ ಇಲ್ಲ. ಚಿರತೆಗೆ ನಾಯಿ ಸುಲಭದ ಬೇಟೆ. ಆ ಬೇಟೆಯ ಜಾಡು ಹಿಡಿದ ಚಿರತೆ ಅಂಗಳಕ್ಕೂ ಬರುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಆನೆ ಓಡಾಡುವ ತೋಟಗಳಲ್ಲಂತೂ ಬಿಟ್ಟ ನಾಯಿ ದೊಡ್ಡ ಅಪಾಯ. ಆನೆಗೆ ಬೊಗಳಿ ಕೆರಳಿಸುತ್ತದೆ, ಆನೆ ತಿರುಗಿಬಿದ್ದಾಗ ನಾಯಿ ನೇರವಾಗಿ ಮನುಷ್ಯರ ಕಡೆಗೇ ಓಡಿ ಬರುತ್ತದೆ. ಕಾಡಂಚಿನಲ್ಲಿ ತಿರುಗಿ ಬಂದ ನಾಯಿ ರಕ್ತ ಹೀರುವ ಉಣ್ಣೆ ಹುಳುಗಳನ್ನೂ ಮನೆಗೆ ತರುತ್ತದೆ. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಟ್ಟಿಹಾಕಿ ಎಂದರೆ ಮೂಲೆಯಲ್ಲಿ ಬಿಗಿದು ಮರೆತುಬಿಡಿ ಎಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಮಿತಿಮೀರಿ ಕಟ್ಟಿಡುವುದು, ಕಟ್ಟಿಟ್ಟ ನಾಯಿಗೆ ಓಡಾಟವನ್ನೇ ಕೊಡದಿರುವುದು ಎರಡೂ ಅಪರಾಧ. ತೋಟಕ್ಕೆಲ್ಲ ಬೇಲಿ ಹಾಕಲು ಯಾರಿಂದಲೂ ಆಗದು. ಎರಡು ಗಟ್ಟಿ ಮರಗಳ ನಡುವೆ ತಂತಿ ಎಳೆದು, ಅದಕ್ಕೆ ಬಳೆ ಪೋಣಿಸಿ, ಬಳೆಗೆ ಸರಪಳಿ ಕೊಟ್ಟರೆ ನಾಯಿ ಆ ಉದ್ದಕ್ಕೂ ಓಡಾಡಿಕೊಂಡು ಮನೆ ಕಾಯುತ್ತದೆ. ತಂತಿಯ ಎರಡೂ ತುದಿಯಲ್ಲಿ, ಮರದಿಂದ ಸ್ವಲ್ಪ ಈಚೆಗೆ, ಬಳೆ ಮುಂದೆ ಹೋಗದಂತೆ ತಡೆ ಕಟ್ಟಬೇಕು. ಇಲ್ಲದಿದ್ದರೆ ಸರಪಳಿ ಮರಕ್ಕೆ ಸುತ್ತಿಕೊಂಡು ಕುತ್ತಿಗೆಗೆ ಬರುತ್ತದೆ. ನೆರಳು, ನೀರು, ಬೆಳಿಗ್ಗೆ ಸಂಜೆ ಕೈಯಲ್ಲಿ ಹಿಡಿದು ಒಂದು ಸುತ್ತು. ಇಷ್ಟು ಸಿಕ್ಕ ನಾಯಿ ಅಷ್ಟಾಗಿ ಕೆರಳುವುದಿಲ್ಲ.

ಗಂಡು ನಾಯಿ ದಿನಗಟ್ಟಲೆ ಮನೆ ಬಿಟ್ಟು ಹೋಗುತ್ತಿದ್ದರೆ ಎಲ್ಲೋ ಹೆಣ್ಣುನಾಯಿ ಬೆದೆಗೆ ಬಂದಿದೆ ಎಂದರ್ಥ. ಬೆದೆ ಸುಮಾರು ಮೂರು ವಾರ ಇರುತ್ತದೆ. ಕಾರ್ತಿಕ ಮಾಸದಲ್ಲಿ ನಾಯಿಗಳು ಗುಂಪುಗೂಡಿ ಕಚ್ಚಾಡುವುದನ್ನು ಎಲ್ಲರೂ ನೋಡಿದ್ದೇವೆ, ದಾರಿಹೋಕರಿಗೆ ಕಚ್ಚು ಬೀಳುವುದೂ ಆ ಗದ್ದಲದಲ್ಲೇ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಾವಲಿನ ಗುಣ ಹೋಗುತ್ತದೆ ಎಂಬ ಭಯ ಬೇಡ. ಅಲೆದಾಟ ಕಡಿಮೆಯಾಗುತ್ತದೆ, ಬೊಗಳುವುದು ಹಾಗೆಯೇ ಇರುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಜಂತುಹುಳುವಿನ ಔಷಧ, ಸಂತಾನಹರಣ ಮೂರನ್ನೂ ಯಜಮಾನನ ಹೊಣೆಗೇ ಬಿಟ್ಟಿವೆ. 2025ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಅಷ್ಟೊಂದು ಚರ್ಚೆಯಾದದ್ದು ಬೀದಿನಾಯಿಗಳ ವಿಷಯ. ಮನೆಯ ನಾಯಿಯನ್ನು ಬೀದಿಗೆ ಬಿಟ್ಟು ಆ ಚರ್ಚೆಯ ನೆರಳಿನಲ್ಲಿ ಅಡಗಲು ಬರುವುದಿಲ್ಲ.

ನಿಮ್ಮ ಕಡೆಯಿಂದಲೂ ಒಂದು ಕೆಲಸವಿದೆ. ನಾಯಿ ನಿಮ್ಮ ಅಂಗಳಕ್ಕೆ ಯಾಕೆ ಬರುತ್ತದೆ ನೋಡಿ. ಹಸು ಕರು ಹಾಕಿದ ಮೇಲೆ ಬಿದ್ದ ಕಸವನ್ನು (ಮಾಸು) ಬೇಲಿಯಾಚೆ ಎಸೆಯುವುದು, ಕೋಳಿಯ ಪುಕ್ಕ ಕರುಳನ್ನು ಗೊಬ್ಬರದ ಗುಂಡಿಯ ಮೇಲೆ ಸುರಿಯುವುದು ಬಹಳ ಮನೆಗಳ ಅಭ್ಯಾಸ. ಒಮ್ಮೆ ರುಚಿ ಹತ್ತಿದ ನಾಯಿ ಕೊಟ್ಟಿಗೆಯ ಸುತ್ತ ದಿನವೂ ಸುಳಿಯುತ್ತದೆ. ಆಳವಾಗಿ ಹೂಳಿ, ಮೇಲೆ ಕಲ್ಲು ಹೇರಿ.

ಮಾತು ಕೇಳದವರಿಗೆ ಕಾಗದವೇ ಸರಿ. ನಾಯಿ ಅವರ ಅಂಗಳದಲ್ಲಿ ಉಣ್ಣುತ್ತಿರುವ, ಅವರ ಕೊರಳಪಟ್ಟಿ ಹಾಕಿಕೊಂಡಿರುವ ಚಿತ್ರಗಳನ್ನು ಮೊಬೈಲಿನಲ್ಲಿ ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಯಾವ ದಿನ, ಎಲ್ಲಿ, ಯಾರನ್ನು ಅಟ್ಟಿಸಿತು, ಯಾವ ದಿನ ನೀವು ಬಾಯಿಮಾತಿನಲ್ಲಿ ತಿಳಿಸಿದ್ದಿರಿ ಎಂದು ಬರೆದು, ಹಳ್ಳಿಯಾದರೆ ಪಂಚಾಯಿತಿಯ ಪಿಡಿಒ ಅವರಿಗೆ, ಪಟ್ಟಣವಾದರೆ ಅಲ್ಲಿನ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಚ್ಚಿದ್ದರೆ ಆಸ್ಪತ್ರೆಯ ಚೀಟಿಯೊಂದಿಗೆ ಠಾಣೆಗೆ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. "ಅನ್ನ ಹಾಕುತ್ತೇವೆ ಅಷ್ಟೆ" ಎನ್ನುವವರ ಅಂಗಳದಲ್ಲೇ ನಾಯಿ ಕಟ್ಟಿಸಿಕೊಳ್ಳುತ್ತಿದ್ದರೆ, ಅದು ಯಾರ ವಶದಲ್ಲಿದೆ ಎನ್ನುವುದಕ್ಕೆ ನಿಮ್ಮ ಚಿತ್ರಗಳು ಮಾತನಾಡುತ್ತವೆ. ಕಚ್ಚುವ ನಾಯಿ ಪದೇ ಪದೇ ಹೊರಬರುತ್ತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಲು ಆದೇಶಿಸುವ ಅಧಿಕಾರ ಅವರಿಗಿದೆ. ನಮ್ಮ ಜಿಲ್ಲೆಯಲ್ಲಿ ಚಿಕ್ಕಮಗಳೂರು ಮತ್ತು ತರೀಕೆರೆ, ಹಾಸನ ಜಿಲ್ಲೆಯಲ್ಲಿ ಹಾಸನ ಮತ್ತು ಸಕಲೇಶಪುರದಲ್ಲಿ ಈ ಕಚೇರಿಗಳಿವೆ.

ವಿಷ ಹಾಕುವ ಯೋಚನೆಯನ್ನು ಮಾತ್ರ ತಲೆಗೆ ತಂದುಕೊಳ್ಳಬೇಡಿ. ತೋಟಕ್ಕೆಂದು ತಂದ ಕೀಟನಾಶಕವನ್ನು ಮಾಂಸದಲ್ಲಿಟ್ಟು ಕೊಟ್ಟ ನಾಯಿಗಳು ನನ್ನ ಮೇಜಿನ ಮೇಲೆ ಬಂದಿವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಮೈಯೆಲ್ಲ ಅದುರಿ, ನೊರೆ ಕಕ್ಕುತ್ತಾ, ಆದರೂ ಯಜಮಾನನ ದನಿ ಕೇಳಿದರೆ ಬಾಲ ಅಲ್ಲಾಡಿಸಲು ನೋಡುತ್ತವೆ. ಅವು ಏನು ತಪ್ಪು ಮಾಡಿದ್ದವು? ಬಾಗಿಲು ತೆರೆದಿಟ್ಟದ್ದು ಮನುಷ್ಯ. ಪ್ರಾಣಿಗೆ ವಿಷವಿಕ್ಕಿದರೆ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಸೆರೆವಾಸವಿದೆ, ನ್ಯಾಯ ನಿಮ್ಮ ಕಡೆಯಿದ್ದ ಪ್ರಕರಣ ಅಂದಿಗೇ ತಲೆಕೆಳಗಾಗುತ್ತದೆ. ಗೋಣಿಚೀಲದಲ್ಲಿ ತುಂಬಿ ಚಾರ್ಮಾಡಿಯ ತಿರುವಿನಲ್ಲಿ ಬಿಟ್ಟು ಬರುವುದೂ ಬೇಡ. ಹಸಿದ ನಾಯಿ ಇನ್ನೊಂದು ಊರಿನ ದಾರಿಗೆ ಬೀಳುತ್ತದೆ ಅಷ್ಟೆ.

ಈಚೆಗೆ ಹೆಚ್ಚುತ್ತಿರುವುದು ಊರಲ್ಲಿಲ್ಲದ ಯಜಮಾನರ ನಾಯಿಗಳು. ಮನೆಯವರು ಬೆಂಗಳೂರಿನಲ್ಲಿ, ನಾಯಿ ತೋಟದ ರೈಟರ (ತೋಟ ನೋಡಿಕೊಳ್ಳುವ ಗುಮಾಸ್ತರ) ಕೈಯಲ್ಲಿ. ಅಥವಾ ಹೋಂಸ್ಟೇಯ ಅತಿಥಿಗಳು ಹಾಕುವ ತುಣುಕಿಗೆ ಇಡೀ ರಸ್ತೆ ತಿರುಗುವ ನಾಯಿ. ಇಂಥವರಿಗೆ ನೋಟಿಸು ಕಳಿಸುವಾಗ ಯಜಮಾನ, ನೋಡಿಕೊಳ್ಳುವವರು ಇಬ್ಬರ ಹೆಸರನ್ನೂ ಬರೆಯಿರಿ. ಇದನ್ನು ಓದುತ್ತಿರುವ ತೋಟದ ಮಾಲೀಕರಲ್ಲಿ ನನ್ನ ವಿನಂತಿ: ಭಾನುವಾರ ಸಂಜೆ ಕಾರು ಹತ್ತುವ ಮುನ್ನ ಲಸಿಕೆಯ ಕಾರ್ಡನ್ನು ರೈಟರ ಕೈಗೆ ಕೊಡಿ, ನಾಯಿಯ ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರನ್ನು ಅಳಿಸದ ಶಾಯಿಯಲ್ಲಿ ಬರೆಸಿ, ಆ ಕರೆ ಬಂದಾಗ ಎತ್ತಿ.