ಕಲಬುರಗಿಯಲ್ಲಿ ಮ್ಯಾಗ್ನೋಲಿಯಾ ಯಾಕೆ ಅರಳುವುದಿಲ್ಲ?

ಎಲೆ ಉದುರಿಸುವ ಮ್ಯಾಗ್ನೋಲಿಯಾ ಹೂ ಬಿಡುವುದು ಚಳಿಗಾಲ ಮುಗಿಯುವ ಹೊತ್ತಿಗೆ. ಆಗ ಗಿಡದಲ್ಲಿ ಒಂದು ಎಲೆಯೂ ಇರುವುದಿಲ್ಲ. ಬೋಳು ಕೊಂಬೆಯ ತುದಿಯಲ್ಲಿ ಬಿಳಿ, ಗುಲಾಬಿ, ನೇರಳೆ ಬಣ್ಣದ ಅಂಗೈಯಗಲದ ಹೂಗಳಷ್ಟೇ. ಆ ಫೋಟೊ ನೋಡಿದವರಿಗೆ ನಮ್ಮ ಅಂಗಳದಲ್ಲೂ ಒಂದು ಇರಲಿ ಅನ್ನಿಸುವುದು ಸಹಜ. ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ಸಿಗುತ್ತದೆ, ಸಸಿಯೂ ಸಿಗುತ್ತದೆ. ಕಲಬುರಗಿಗೆ ತರಿಸಿ ನೆಟ್ಟರೆ ಹೇಗೆ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ತರಿಸಬೇಡಿ. ಯಾಕೆ ಬೇಡ ಅನ್ನುವುದರಲ್ಲೇ ನಿಜವಾದ ಸ್ವಾರಸ್ಯ ಇದೆ. ಅದು ತಿಳಿದರೆ ಬೋಳು ಕೊಂಬೆಯ ಮೇಲೆ ಹೂ ನೋಡುವ ಆಸೆಯನ್ನು ನಮ್ಮ ಬಿಸಿಲಲ್ಲೇ ತೀರಿಸಿಕೊಳ್ಳಬಹುದು.

ಈ ಗಿಡದ ಹೂ ಮಾರ್ಚ್‌ನಲ್ಲಿ ಅರಳಿದರೂ ಮೊಗ್ಗು ತಯಾರಾಗುವುದು ಹಿಂದಿನ ವರ್ಷದ ಬೇಸಿಗೆಯಲ್ಲಿ. ಶರತ್ಕಾಲಕ್ಕೆ ಎಲೆ ಉದುರಿದ ಮೇಲೆ ನೋಡಿದರೆ ಕೊಂಬೆಯ ತುದಿಗಳಲ್ಲಿ ಮೆತ್ತನೆ ರೋಮ ಹೊದ್ದ ಮೊಗ್ಗುಗಳು ಕಾಣುತ್ತವೆ. ಒಳಗೆ ಹೂವಿನ ಎಲ್ಲ ಭಾಗಗಳೂ ಸಿದ್ಧವಾಗಿರುತ್ತವೆ. ಆದರೂ ಅರಳುವುದಿಲ್ಲ. ನಡುವೆ ಒಂದೆರಡು ದಿನ ಬಿಸಿಲು ಬಂದರೂ ಮೋಸ ಹೋಗುವುದಿಲ್ಲ. ಹೋದರೆ ಮುಂದಿನ ವಾರದ ಹಿಮಕ್ಕೆ ಹೂವೆಲ್ಲ ಸುಟ್ಟು ಕಪ್ಪಾಗುತ್ತದೆ.

ಮೊಗ್ಗು ಹೀಗೆ ಕಾಯುವುದು ಹೇಗೆ? ಇದನ್ನು ಚೆನ್ನಾಗಿ ಅಧ್ಯಯನ ಮಾಡಿರುವುದು ಪಾಪ್ಲರ್ ಮರದಲ್ಲಿ. ಸಸ್ಯದ ಜೀವಕೋಶಗಳ ನಡುವೆ ಸಣ್ಣ ಸಣ್ಣ ದಾರಿಗಳಿವೆ. ಬೆಳೆಯಿರಿ ಎಂಬ ಸಂದೇಶ ಒಂದರಿಂದ ಇನ್ನೊಂದಕ್ಕೆ ಹೋಗುವುದು ಇಲ್ಲಿಂದಲೇ. ಮೊಗ್ಗು ನಿದ್ದೆಗೆ ಜಾರುವಾಗ ಕ್ಯಾಲೋಸ್ ಎಂಬ ವಸ್ತು ಈ ದಾರಿಗಳಿಗೆ ಬೆಣೆ ಹೊಡೆದಂತೆ ಕೂರುತ್ತದೆ. ಆಮೇಲೆ ಹೊರಗೆ ಎಷ್ಟೇ ಬೆಚ್ಚಗಾದರೂ ಸಂದೇಶ ಒಳಗೆ ಮುಟ್ಟುವುದಿಲ್ಲ. ಕ್ಯಾಲೋಸನ್ನು ಕರಗಿಸುವ ಕಿಣ್ವಗಳು ಕೆಲಸ ಶುರು ಮಾಡುವುದು ದೀರ್ಘಕಾಲ ಚಳಿ ತಗಲಿದ ಮೇಲೆ. ಸುಮಾರು 0ರಿಂದ 7 ಡಿಗ್ರಿಯ ಚಳಿ, ಅದೂ ಒಂದೆರಡು ರಾತ್ರಿ ಅಲ್ಲ, ವಾರಗಟ್ಟಲೆ ಬೇಕು. ಸೇಬಿನ ಗಿಡಕ್ಕೆ ಹಿಮಾಲಯದ ಚಳಿ ಬೇಕಾಗುವುದೂ ಇಂಥದೇ ಕಾರಣಕ್ಕೆ.

ಈಗ ಕಲಬುರಗಿಯ ಲೆಕ್ಕ ನೋಡಿ. ಡಿಸೆಂಬರ್ ರಾತ್ರಿಗಳಲ್ಲಿ ಇಲ್ಲಿನ ಉಷ್ಣತೆ 15 ಡಿಗ್ರಿಯ ಆಸುಪಾಸು. ಹಗಲು 30ರ ಹತ್ತಿರ. ಬೀದರ್ ಎತ್ತರದಲ್ಲಿದೆ, ಅಲ್ಲಿ ಚಳಿ ಸ್ವಲ್ಪ ಜಾಸ್ತಿ. ಆದರೂ ಮ್ಯಾಗ್ನೋಲಿಯಾ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. ಚಳಿಗಾಲ ಬಂತೆಂದು ಗಿಡಕ್ಕೆ ಸುಳಿವು ಕೊಡುವ ಹಗಲಿನ ಉದ್ದವೂ ಇಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಅತಿ ಚಿಕ್ಕ ಹಗಲು ಸುಮಾರು 11 ಗಂಟೆ, ಅತಿ ದೊಡ್ಡದು ಸುಮಾರು 13. ಪ್ಯಾರಿಸ್‌ನಲ್ಲಿ ಡಿಸೆಂಬರ್ ಹಗಲು 8 ಗಂಟೆ ಚಿಲ್ಲರೆ ಅಷ್ಟೇ. ಪ್ಯಾರಿಸ್ ಹೆಸರು ಸುಮ್ನೆ ತಂದಿಲ್ಲ. ಇಂದು ಜಗತ್ತಿನ ತೋಟಗಳಲ್ಲಿ ಅತಿ ಜನಪ್ರಿಯವಾದ ಸೂಲಾಂಜಿಯಾನ ಮ್ಯಾಗ್ನೋಲಿಯಾ ಹುಟ್ಟಿದ್ದು ಆ ಊರಿನ ಪಕ್ಕದಲ್ಲಿ. ನೆಪೋಲಿಯನ್ ಸೈನ್ಯದಿಂದ ನಿವೃತ್ತನಾದ ಸೂಲಾಂಜ್ ಬೊದಾಂ ಎಂಬವನು 1820ರಲ್ಲಿ ಚೀನಾ ಮೂಲದ ಎರಡು ಮ್ಯಾಗ್ನೋಲಿಯಾಗಳನ್ನು ಕೂಡಿಸಿ ಅದನ್ನು ಪಡೆದ. ಬಿಳಿ ಹೂವಿನ ಯೂಲಾನ್ ಒಂದು, ನೇರಳೆ ಹೂವಿನ ಲಿಲಿಫ್ಲೋರ ಇನ್ನೊಂದು. ತಂದೆ ತಾಯಿ ಇಬ್ಬರೂ ಚಳಿ ನಾಡಿನವರು. ಮಗು ಚಳಿ ಕೇಳದೆ ಇರುತ್ತದೆಯೇ!

ಅಂಥ ಸಸಿ ಇಲ್ಲಿ ನೆಟ್ಟ ಕೂಡಲೇ ಸಾಯಬೇಕೆಂದಿಲ್ಲ. ಚಿಗುರು ತಡವಾಗಿ ಬರುತ್ತದೆ, ಒಂದು ಕೊಂಬೆಯಲ್ಲಿ ಬಂದರೆ ಇನ್ನೊಂದರಲ್ಲಿ ಇಲ್ಲ. ಅಷ್ಟರಲ್ಲಿ 42 ಡಿಗ್ರಿ ಬಿಸಿಲು ಬಂದು ಎಲೆಯ ಅಂಚು ಒಣಗುತ್ತದೆ. ಬೀಜದ ಪೊಟ್ಟಣದ ಕಥೆ ಇನ್ನೂ ಕೆಟ್ಟದು. ಮ್ಯಾಗ್ನೋಲಿಯಾ ಬೀಜದಲ್ಲಿ ಎಣ್ಣೆ ಜಾಸ್ತಿ, ಪೂರ್ತಿ ಒಣಗಿದರೆ ಜೀವ ಹೋಗುತ್ತದೆ. ಕೆಂಪು ಸಿಪ್ಪೆ ತೆಗೆದು, ಒದ್ದೆ ಮರಳಲ್ಲಿ, ಫ್ರಿಜ್ಜಿನ ತಂಪಿನಲ್ಲಿ ಎರಡು ಮೂರು ತಿಂಗಳು ಇಟ್ಟರೆ ಮೊಳೆಯುವಂಥದು ಅದು. ಪೊಟ್ಟಣದಲ್ಲಿ ಗಲಗಲ ಅನ್ನುವ ಒಣ ಬೀಜ ಯಾವ ಗಿಡದ್ದೋ ದೇವರೇ ಬಲ್ಲ.

ಚಳಿಯೊಂದೇ ಅಲ್ಲ, ಮಣ್ಣೂ ಅಡ್ಡ ಬರುತ್ತದೆ. ಮ್ಯಾಗ್ನೋಲಿಯಾಗೆ ಸ್ವಲ್ಪ ಹುಳಿ ಮಣ್ಣು ಇಷ್ಟ. ಹುಳಿಯ ಅಳತೆಯಾದ ಪಿಎಚ್‌ನಲ್ಲಿ ಹೇಳುವುದಾದರೆ 5.5ರಿಂದ 6.5; 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ. ತೊಗರಿ ಬೆಳೆಯುವ ನಮ್ಮ ಕರಿ ಎರೆಮಣ್ಣಿನದು ಸಾಮಾನ್ಯವಾಗಿ 8, ಕೆಲವೆಡೆ ಅದಕ್ಕೂ ಜಾಸ್ತಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿ ಇರುವುದೇ ಸುಣ್ಣದಕಲ್ಲು. ಮನೆಗೆ ಹಾಸುವ ಶಹಾಬಾದ್ ಪರಸಿ ಅದರದ್ದೇ, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೂ ಅದಕ್ಕೇ. ನಿಮ್ಮ ಹಿತ್ತಲಿನ ಮಣ್ಣಿನಲ್ಲಿ ಸುಣ್ಣ ಇದೆಯೇ ಎಂದು ತಿಳಿಯಲು ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ಬುಸ್ಸೆಂದು ನೊರೆ ಬಂದರೆ ಇದೆ. ನೀರಿನಲ್ಲಿ ಇದೆಯೇ ಅನ್ನುವುದಕ್ಕೆ ಇನ್ನೂ ಸುಲಭದ ಸಾಕ್ಷಿ ಕೂಲರ್. ಬೋರ್‌ವೆಲ್ ನೀರು ಹಾಕಿ ಓಡಿಸಿದ ಕೂಲರಿನ ಹುಲ್ಲಿನ ಮೇಲೆ ಏಪ್ರಿಲ್ ಕೊನೆಗೆ ಬಿಳಿ ಗಟ್ಟಿ ಪದರ ಕೂತಿರುತ್ತದೆ ಅಲ್ವಾ? ನೀರು ಆರಿ ಹೋಯಿತು, ಅದರಲ್ಲಿದ್ದ ಸುಣ್ಣ, ಉಪ್ಪು ಉಳಿಯಿತು. ಕುಂಡದ ಮಣ್ಣಿನಲ್ಲೂ ಆಗುವುದು ಅದೇ.

ಸುಣ್ಣ ಜಾಸ್ತಿ ಆದರೆ ಗಿಡಕ್ಕೇನು ತೊಂದರೆ? ಕಬ್ಬಿಣ ಸಿಗುವುದಿಲ್ಲ. ನಮ್ಮ ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆ ಇಲ್ಲ, ಆದರೆ ಬೇರು ಹೀರಬೇಕಾದರೆ ಅದು ನೀರಲ್ಲಿ ಕರಗಬೇಕು. ಸುಣ್ಣ ಪಿಎಚ್ ಏರಿಸುತ್ತದೆ; ಅದು ಒಂದು ಅಂಕ ಏರಿದರೆ ಕರಗುವ ಕಬ್ಬಿಣದ ಪ್ರಮಾಣ ಸುಮಾರು 1000 ಪಟ್ಟು ಇಳಿಯುತ್ತದೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ತಯಾರಾಗಲು ಕಬ್ಬಿಣ ಬೇಕೇ ಬೇಕು. ಅದಕ್ಕೇ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದನ್ನು ನೋಡಿ ನೀರು ಕಡಿಮೆ ಆಯಿತೆಂದು ಮತ್ತಷ್ಟು ಬೋರ್ ನೀರು ಸುರಿಯುವವರೇ ಹೆಚ್ಚು. ಸುರಿದಷ್ಟೂ ಸುಣ್ಣ ಹೆಚ್ಚುತ್ತದೆ.

ಇಷ್ಟೆಲ್ಲ ಆದರೂ ಮ್ಯಾಗ್ನೋಲಿಯಾ ಬೇಕೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಸಂಪಿಗೆ ನೆಡಿ. ಸಂಪಿಗೆಯನ್ನು ಮೊದಲು ಮೈಕೇಲಿಯ ಎಂಬ ಬೇರೆ ಗುಂಪಿನಲ್ಲಿ ಇಟ್ಟಿದ್ದರು. ಈಗ ಸಸ್ಯವಿಜ್ಞಾನಿಗಳು ಅದನ್ನು ಮ್ಯಾಗ್ನೋಲಿಯಾ ಚಂಪಕ ಎಂದೇ ಕರೆಯುತ್ತಾರೆ. ಎಲೆ ಉದುರಿಸಿ ಹೂ ಬಿಡುವ ಮ್ಯಾಗ್ನೋಲಿಯಾ ಭಾರತದಲ್ಲೂ ಇದೆ, ಆದರೆ ಡಾರ್ಜಿಲಿಂಗ್, ಸಿಕ್ಕಿಂ ಬೆಟ್ಟಗಳಲ್ಲಿ. ಕ್ಯಾಂಬೆಲ್ಲಿಯೈ ಎಂಬ ಆ ಜಾತಿ ಬೀಜದಿಂದ ಬೆಳೆದು ಹೂ ಬಿಡಲು 20–30 ವರ್ಷ ತೆಗೆದುಕೊಳ್ಳುತ್ತದೆ. ಸಂಪಿಗೆಗೆ ಚಳಿಯ ಹಂಗಿಲ್ಲ, ಅದು ವರ್ಷವಿಡೀ ಹಸಿರು. ಹಳೆಯ ಕವಿಗಳು ದುಂಬಿ ಸಂಪಿಗೆಯ ಹತ್ತಿರ ಸುಳಿಯದು ಎನ್ನುತ್ತಿದ್ದರು. ಈ ಕುಟುಂಬದ ಹೂಗಳಿಗೆ ಹೆಚ್ಚಾಗಿ ಪರಾಗ ಸಾಗಿಸುವುದು ಜೀರುಂಡೆಗಳು. ಹಾಗಾಗಿ ಕವಿಗಳ ಮಾತಿನಲ್ಲಿ ಕಣ್ಣಾರೆ ಕಂಡದ್ದೂ ಸ್ವಲ್ಪ ಇದ್ದಿರಬಹುದು.

ಆದರೆ ಸಂಪಿಗೆ ಮೂಲತಃ ಮಳೆ ನಾಡಿನ ಮರ. ಇಲ್ಲಿ ಅದಕ್ಕೆ ಸ್ವಲ್ಪ ಉಪಚಾರ ಬೇಕು. ಮನೆಯ ಪೂರ್ವಕ್ಕೆ ನೆಟ್ಟರೆ ಮಧ್ಯಾಹ್ನದ ನಂತರದ ಬಿಸಿಲು ಗೋಡೆಗೆ ಬಡಿಯುತ್ತದೆ, ಗಿಡ ಉಳಿಯುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವಾಗ ಇದರ ಮೆತ್ತನೆ ಬೇರುಗಳು ಹರಿಯುತ್ತವೆ. ಆದ್ದರಿಂದ ಅಗಲವಾದ ಗುಂಡಿ ತೋಡಿ ಕೆಂಪು ಮಣ್ಣು, ಎಲೆಗೊಬ್ಬರ ತುಂಬಿ. ಬುಡಕ್ಕೆ ಒಣ ಎಲೆ ದಪ್ಪನಾಗಿ ಹೊದಿಸಿ. ಬೀದರಿನವರಿಗೆ ಈ ಕಷ್ಟ ಕಡಿಮೆ. ಅಲ್ಲಿನ ಜಂಬಿಟ್ಟಿಗೆ ಮಣ್ಣಿನಿಂದ ಸುಣ್ಣ ಎಂದೋ ತೊಳೆದು ಹೋಗಿದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನು ಸಂಪಿಗೆಗೆ ಮೀಸಲಿಡಿ. ಎಸಿಯಿಂದ ತೊಟ್ಟಿಕ್ಕುವ ನೀರೂ ನಡೆಯುತ್ತದೆ, ಅದರಲ್ಲಿ ಸುಣ್ಣ ಇರುವುದಿಲ್ಲ. ಕೂಲರಿನಲ್ಲಿ ಉಳಿದ ನೀರು, ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡ. ಎರಡರಲ್ಲೂ ಉಪ್ಪು ಸಾಂದ್ರವಾಗಿರುತ್ತದೆ. ಎಲೆ ಹಳದಿಯಾದರೆ ಇಡಿಡಿಎಚ್‌ಎ ಎಂಬ ಕೀಲೇಟ್ ರೂಪದ, ಅಂದರೆ ಸುಣ್ಣದ ಮಣ್ಣಿನಲ್ಲೂ ಕರಗಿಯೇ ಉಳಿಯುವ ಕಬ್ಬಿಣ ಕೊಡಿ. ಅಗ್ಗದ ಫೆರಸ್ ಸಲ್ಫೇಟ್ ಸುಣ್ಣದ ಮಣ್ಣಿಗೆ ಬಿದ್ದರೆ ಬೇಗನೆ ಕರಗದ ರೂಪಕ್ಕೆ ತಿರುಗುತ್ತದೆ. ಮತ್ತೆ, ಕಸಿ ಗಿಡವನ್ನೇ ತನ್ನಿ. ಅದು ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ. ಬೀಜದ ಗಿಡಕ್ಕೆ ಎಂಟು ಹತ್ತು ವರ್ಷ ಕಾಯಬೇಕು.

ಸಂಪಿಗೆಯಿಂದ ಪರಿಮಳ ಸಿಕ್ಕಿತು. ಬೋಳು ಕೊಂಬೆಯ ಹೂ ಎಲ್ಲಿ? ಅದಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಚಿಂಚೋಳಿ ಕಾಡಿನ ಕಡೆ ಹೋಗಿ ನೋಡಬೇಕು. ಮುತ್ತಲ ಗಿಡ ಎಲೆ ಎಲ್ಲ ಕಳೆದುಕೊಂಡು ಕೆಂಡದ ಬಣ್ಣ ತಳೆದಿರುತ್ತದೆ. ಬೂರುಗವೂ ಹಾಗೆಯೇ. ಇಲ್ಲಿ ಚಳಿಯಿಲ್ಲ, ಮಳೆ ನಿಂತು ತಿಂಗಳುಗಳಾಗಿವೆ. ಇಂಥ ಒಣ ಕಾಲದಲ್ಲಿ ಹೂವಿಗೆ ನೀರು ಎಲ್ಲಿಂದ? ರೋಲ್ಫ್ ಬೋರ್ಚರ್ಟ್ ಎಂಬ ಸಸ್ಯವಿಜ್ಞಾನಿ ಕೋಸ್ಟರಿಕಾದ ಒಣ ಕಾಡುಗಳಲ್ಲಿ ಇದನ್ನೇ ಹುಡುಕಿದರು. ಮರದ ನೀರು ಹೆಚ್ಚಾಗಿ ಖರ್ಚಾಗುವುದು ಎಲೆಗಳ ಮೂಲಕ. ಎಲೆ ಉದುರಿದೊಡನೆ ಆ ಖರ್ಚು ನಿಲ್ಲುತ್ತದೆ. ಕಾಂಡದಲ್ಲಿ, ಆಳದ ಮಣ್ಣಿನಲ್ಲಿ ಉಳಿದ ನೀರು ನಿಧಾನವಾಗಿ ಕೊಂಬೆಗಳಿಗೆ ಏರುತ್ತದೆ. ಮಳೆಯ ಒಂದು ಹನಿ ಬೀಳದಿದ್ದರೂ ಮೊಗ್ಗು ಬಿರಿಯುತ್ತದೆ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಬಾಯಾರಿಕೆ ಮಾಡುತ್ತದೆ. ದಾರಿ ಬೇರೆ, ಕೊನೆಗೆ ಕಾಣುವ ನೋಟ ಒಂದೇ.

ಮನೆಯಂಗಳಕ್ಕೆ ಮುತ್ತಲ, ಬೂರುಗ ದೊಡ್ಡವಾದವು. ಸಣ್ಣ ಜಾಗಕ್ಕೆ ನನ್ನ ಆಯ್ಕೆ ಎರಡು. ಒಂದು ಮಂದಾರ, ಬಸವನ ಪಾದದ ಹಾಗೆ ಸೀಳಿದ ಎಲೆಯದು. ಬೇಸಿಗೆಯ ಆರಂಭದಲ್ಲಿ ಅರೆಬರೆ ಎಲೆಯ ಕೊಂಬೆಗಳಲ್ಲಿ ಗುಲಾಬಿ, ನೇರಳೆ ಹೂ. ದೂರದಿಂದ ಮ್ಯಾಗ್ನೋಲಿಯಾ ಎಂದರೆ ನಂಬಬಹುದು. ಇನ್ನೊಂದು ದೇವಕಣಗಿಲೆ. ಗುಡಿ, ದರ್ಗಾ, ಹಳೆಯ ಬಂಗಲೆ ಎಲ್ಲ ಕಡೆ ಇರುವ ಈ ಗಿಡ ಅಮೆರಿಕ ಖಂಡದಿಂದ ಬಂದದ್ದು. ಇದಕ್ಕೂ ಮ್ಯಾಗ್ನೋಲಿಯಾಗೂ ಒಂದು ತಮಾಷೆಯ ನಂಟಿದೆ. ಮಾಂಟ್‌ಪೆಲಿಯೆ ಊರಿನ ಪಿಯರ್ ಮ್ಯಾನ್ಯೋಲ್ ಎಂಬ ಸಸ್ಯವಿಜ್ಞಾನಿಯ ಗೌರವಕ್ಕೆ 1703ರಲ್ಲಿ ಮ್ಯಾಗ್ನೋಲಿಯಾ ಎಂದು ಹೆಸರಿಟ್ಟವನು ಶಾರ್ಲ್ ಪ್ಲೂಮಿಯೆ ಎಂಬ ಫ್ರೆಂಚ್ ಸನ್ಯಾಸಿ. ದೇವಕಣಗಿಲೆಯ ಪ್ಲುಮೇರಿಯ ಎಂಬ ಹೆಸರು ಆ ಪ್ಲೂಮಿಯೆಯ ಗೌರವಕ್ಕೇ ಇಟ್ಟದ್ದು.

ಎರಡಕ್ಕೂ ಪಾಲಿಸಬೇಕಾದ ನಿಯಮ ಒಂದೇ. ದೀಪಾವಳಿ ಕಳೆದ ಮೇಲೆ ನೀರು ಕಡಿಮೆ ಮಾಡಿ. ಜನವರಿಯಲ್ಲಿ ಎಲೆ ಹಳದಿಯಾಗಿ ಉದುರುವಾಗ ಮನಸ್ಸು ತಡೆಯದೆ ಪೈಪ್ ಹಿಡಿಯುವವರು ಬಹಳ. ಹಾಗೆ ಮಾಡಿದರೆ ಎಲೆ ಉಳಿದೀತು, ಬೋಳು ಕೊಂಬೆಯ ಹೂವಿನ ಆಸೆ ಬಿಡಬೇಕು. ದೇವಕಣಗಿಲೆಯಲ್ಲಿ ಕೆಂಪು, ಹಳದಿ, ಗುಲಾಬಿ ಹೂವಿನ ರುಬ್ರ ಜಾತಿಯನ್ನೇ ಕೇಳಿ ತನ್ನಿ. ನರ್ಸರಿಗಳಲ್ಲಿ ಜಾಸ್ತಿ ಸಿಗುವ ಬಿಳಿ ಹೂವಿನ ಪುಡಿಕ ಜಾತಿ ನಮ್ಮ ಕಡೆ ಎಲೆಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಬೀಜದ ಗೊಡವೆ ಬೇಡ. ದೇವಕಣಗಿಲೆ ಹೂವಿನಲ್ಲಿ ಮಕರಂದವೇ ಇರುವುದಿಲ್ಲ. ರಾತ್ರಿಯ ಪರಿಮಳಕ್ಕೆ ಮರುಳಾಗಿ ಹಾಕ್ ಪತಂಗಗಳು ಬಂದು ಬರಿಗೈಯಲ್ಲಿ ಹೋಗುತ್ತವೆ, ಕಾಯಿ ಕಟ್ಟುವುದು ಅಪರೂಪ. ಫೆಬ್ರವರಿಯಲ್ಲಿ ನೆರೆಯವರ ಗಿಡದಿಂದ ಒಂದು ಗೇಣು ಕೊಂಬೆ ಕಡಿದು ತನ್ನಿ. ಹಾಲು ಕಣ್ಣಿಗೆ, ಕೈಗೆ ತಾಗದಂತೆ ನೋಡಿಕೊಳ್ಳಿ. ನೆರಳಲ್ಲಿ ಒಂದು ವಾರ ಒಣಗಲು ಬಿಟ್ಟು, ಕಡಿದ ಜಾಗ ಗಟ್ಟಿಯಾದ ಮೇಲೆ ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ಊರಿ. ಎರೆಮಣ್ಣಿನ ಅಂಗಳವಾದರೆ ಒಂದಡಿ ದಿಣ್ಣೆ ಮಾಡಿ ಅದರ ಮೇಲೆ. ಎಲೆ ಬಿಚ್ಚಿಕೊಳ್ಳುವವರೆಗೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ಒಂದು ಚೊಂಬು ನೀರು ಸಾಕು. ಬೇರೇ ಇಲ್ಲದ ಕೊಂಬೆಗೆ ಅದಕ್ಕಿಂತ ಜಾಸ್ತಿ ಹಾಕಿದರೆ ಬುಡ ಕೊಳೆಯುತ್ತದೆ.